ಬಂಧುಗಳ ಮಡಿಲು ಸೇರಿದ ನೊಂದ ಮಕ್ಕಳು

(ಶ್ರೀಮಠದ ಸುವರ್ಣ ಮಹೋತ್ಸವದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಳ ಮಹೋತ್ಸವದಲ್ಲಿ ತತ್ತ್ವ, ಸಾಹಿತ್ಯ, ಇತಿಹಾಸಗಳನ್ನು ಕುರಿತು ಬಲ್ಲವರು ಮಾತನಾಡಿರುವರು, ಇನ್ನೂ ಮಾತನಾಡುವವರಿರುವರು. ನನಗಾದರೋ ಒಂದು ಮನೆವಾರ್ತೆಯ ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕೆಂದು ಅಪ್ಪಣೆಯಾಗಿದೆ. ಪಾಠಶಾಲೆಯಲ್ಲಿ ಶಾಸ್ತ್ರಗ್ರಂಥಗಳ ಪಾಠ ಹೇಳಿಕೊಂಡಿರುವವನಿಗೆ ಮಕ್ಕಳ ಸಾಕಣೆಯ ಮಾತೇಕೆ ಎಂದು ಕೆಲವರು ಶಂಕಿಸಬಹುದು. ಅಂಗಳದಲ್ಲಿ ಕೂಸೊಂದು ಬಿಕ್ಕುತ್ತಿರುವಾಗ ಒಳಗೆ ಲಿಂಗಪೂಜೆಗೆ ಕುಳಿತವನ ಚಿತ್ತವು ನಿಲ್ಲುವುದುಂಟೆ? ನಿಂತಿತೆಂದರೆ ಆ ನಿಲುಗಡೆಯನ್ನು ಏಕಾಗ್ರತೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಆದಕಾರಣ ಈ ವಿಷಯವು ನಮ್ಮ ಅಂಗಳದ್ದೇ ಎಂದು ತಿಳಿದು ನಾಲ್ಕು ಮಾತುಗಳನ್ನು ಹೇಳುವೆನು.

ಹೆತ್ತವರಿರುವಾಗಲೂ ಅವರಿಂದ ಪೆಟ್ಟು, ಉಪವಾಸ, ಬೈಗುಳ, ಅದಕ್ಕಿಂತಲೂ ಹೇಯವಾದ ಹಿಂಸೆಗಳನ್ನು ಪಟ್ಟು, ಕೊನೆಗೆ ಅಜ್ಜಿಯ ಮನೆಯನ್ನೋ ಸೋದರಮಾವನ ಮನೆಯನ್ನೋ ಸೇರಿದ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ ಇರುವರು. ತಂದೆ ಕುಡಿದು ಬಂದು ಬಡಿಯುವನು. ಮಲತಾಯಿ ಕೂಳು ಹಾಕಳು. ತಾಯಿಯು ತೀರಿಕೊಂಡ ಬಳಿಕ ತಂದೆ ತಿರುಗಿ ನೋಡನು. ಇಂಥಲ್ಲಿ ಊರ ಹಿರಿಯರು ಕೂಡಿ, ಅಥವಾ ಯಾರೂ ಕೂಡದೆ ಒಂದು ಇರುಳು ಅಜ್ಜಿಯೇ ಬಂದು, ಮಗುವಿನ ಕೈಹಿಡಿದು ಕರೆದುಕೊಂಡು ಹೋಗುವಳು. ಇದಕ್ಕೆ ಕಾಗದವಿಲ್ಲ, ಕೋರ್ಟಿನ ಅಪ್ಪಣೆಯಿಲ್ಲ, ಸಾಕ್ಷಿಯ ರುಜುವಿಲ್ಲ. ಜಗತ್ತಿನಲ್ಲೆಲ್ಲ ಲಕ್ಷೋಪಲಕ್ಷ ಮಕ್ಕಳು ಹೀಗೆಯೇ ಬೆಳೆಯುತ್ತಿರುವರು. ವಿಶ್ವಸಂಸ್ಥೆಯ ಮಹಾಸಭೆಯು 2009ರ ಡಿಸೆಂಬರಿನಲ್ಲಿ ಮಕ್ಕಳ ಬದಲಿ ಪೋಷಣೆಯನ್ನು ಕುರಿತು ಅಂಗೀಕರಿಸಿದ ಮಾರ್ಗಸೂಚಿಗಳಲ್ಲಿ, ಅಧಿಕಾರಿಗಳ ಆದೇಶದಂತೆ ನಡೆಯುವ ಪೋಷಣೆಯನ್ನೂ ಬಂಧುಮಿತ್ರರು ತಾವಾಗಿ ಹೊರುವ ಪೋಷಣೆಯನ್ನೂ ಬೇರೆಬೇರೆಯಾಗಿ ಎಣಿಸಿ, ಎರಡನೆಯ ಬಗೆಯಲ್ಲಿರುವ ಮಕ್ಕಳ ಹಿತವನ್ನೂ ಸರಕಾರಗಳು ಮರೆಯಕೂಡದೆಂದು ಹೇಳಿರುವರು. ನಾವು ಇದನ್ನು ಬಂಧುಪೋಷಣೆಯೆಂದು ಕರೆಯೋಣ.

ಬಂಧುಪೋಷಣೆಯು ನಮಗೆ ಹೊಸದಲ್ಲ. ಹರಿಹರ ಮಹಾಕವಿಯು ಬಸವರಾಜದೇವರ ರಗಳೆಯಲ್ಲಿ ನಿರೂಪಿಸಿರುವ ಪ್ರಕಾರ, ಬಾಲಕ ಬಸವಣ್ಣನವರು ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಭೀಮಕವಿಯ ಬಸವಪುರಾಣವು ಕಥೆಯನ್ನು ಬೇರೆಯಾಗಿ ಹೇಳುವುದು ನಿಜ. ಆದರೂ ಹರಿಹರನ ಮಾತನ್ನು ಹಿಡಿದು ನೋಡಿದರೆ, ಯುಗಪ್ರವರ್ತಕನೊಬ್ಬನ ಬಾಲ್ಯವನ್ನು ಕಾಪಾಡಿದ್ದು ಒಬ್ಬ ಮುದುಕಿಯ ಮಡಿಲೆಂದಾಯಿತು. ಅಕ್ಕನಾಗಮ್ಮನವರ ಮಗನಾದ ಚನ್ನಬಸವಣ್ಣನವರು ಕಲ್ಯಾಣದಲ್ಲಿ ಸೋದರಮಾವನ ಆಸರೆಯಲ್ಲಿ ಬೆಳಗಿದರು. ಹೀಗಿರುವಾಗ 'ಅಜ್ಜಿ ಸಾಕಿದ ಮಗ ಬೊಜ್ಜಕ್ಕೂ ಬಾರ' ಎಂಬ ಗಾದೆಯನ್ನು ನಾವು ಶರಣರ ಮನೆಗಳಲ್ಲಿ ಆಡತಕ್ಕದ್ದಲ್ಲ.

ಆದರೆ ಬಂಧುಗಳೆಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದು ಭಾವಿಸುವುದು ಸಹ ತಪ್ಪು. ಪಾಂಡುವು ಮಡಿದ ಬಳಿಕ ಐವರು ಮಕ್ಕಳು ಹಸ್ತಿನಾವತಿಗೆ ಬಂದು ದೊಡ್ಡಪ್ಪನಾದ ಧೃತರಾಷ್ಟ್ರನ ಮನೆಯಲ್ಲಿ ಬೆಳೆದರು. ಮನೆಯು ದೊಡ್ಡದು, ಅನ್ನಕ್ಕೆ ಕೊರತೆಯಿಲ್ಲ, ಗುರುಗಳೂ ಉಂಟು. ಅಂಥ ಮನೆಯಲ್ಲಿಯೇ ಭೀಮನಿಗೆ ವಿಷವನ್ನಿಕ್ಕಿ ಗಂಗೆಗೆ ನೂಕಿದರು. ಮುಂದೆ ಅರಗಿನ ಮನೆಯೂ ಸಿದ್ಧವಾಯಿತು. ದೊಡ್ಡಪ್ಪನು ತನ್ನ ಕೈಯಿಂದ ಯಾರನ್ನೂ ಹೊಡೆಯಲಿಲ್ಲ. ತನ್ನ ಮಕ್ಕಳ ಮೇಲಣ ಮೋಹದಿಂದ ಸುಮ್ಮನಿದ್ದನು, ಅಷ್ಟೆ. ಮಕ್ಕಳು ಉಳಿದದ್ದು ಇನ್ನೊಬ್ಬ ಬಂಧುವಾದ ವಿದುರನ ಎಚ್ಚರದಿಂದ. ಒಂದೇ ಮನೆತನದಲ್ಲಿ ಧೃತರಾಷ್ಟ್ರನೂ ಇರುವನು, ವಿದುರನೂ ಇರುವನು. ನಾವು ಯಾರಾಗಬೇಕೆಂಬುದೇ ಇಂದಿನ ವಿಚಾರ.

ಗೋವಿನ ಕಥೆಯನ್ನು ಕೇಳದ ಕನ್ನಡಿಗನಾರು? ಹುಲಿಗೆ ಆಹಾರವಾಗಲು ಹೊರಟ ಪುಣ್ಯಕೋಟಿಯು ತನ್ನ ಕರುವನ್ನು ಬಳಗದ ಹಸುಗಳ ವಶಕ್ಕೆ ಒಪ್ಪಿಸುವಾಗ ಏನು ಬೇಡಿಕೊಳ್ಳುವಳೆಂಬುದನ್ನು ಲಕ್ಷ್ಯವಿಟ್ಟು ನೋಡಿರಿ. ಹಾಲು ಕೊಡಿರೆಂದು ಮೊದಲು ಬೇಡಳು. ಎದುರಿಗೆ ಸುಳಿದಾಗ ಕೊಂಬಿನಿಂದ ತಿವಿಯಬಾರದು, ಬೆನ್ನಹಿಂದೆ ಬಂದಾಗ ಕಾಲಿನಿಂದ ಝಾಡಿಸಬಾರದು, ನಿಮ್ಮದೇ ಎಂದು ತಿಳಿಯಬೇಕು ಎಂದಷ್ಟೇ ಅವಳ ಕೋರಿಕೆ. ತಬ್ಬಲಿಗೆ ಬಳಗದಿಂದಲೇ ತಿವಿತವಾಗಬಹುದೆಂಬುದು ಆ ತಾಯಿಗೆ ತಿಳಿದಿತ್ತು. ಮೇವು ಹೇಗೋ ದೊರೆತೀತು. ತಿವಿಯದ ಬಳಗವು ದೊರೆಯುವುದು ಕಷ್ಟ.

ಇನ್ನು ನೊಂದ ಮಗುವಿನ ಒಳಗೆ ಏನಾಗಿರುತ್ತದೆಂಬುದನ್ನು ಪರಾಮರ್ಶಿಸೋಣ. ನಮ್ಮ ದೇಶದಲ್ಲಿ ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯವರು 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ಮೈಮೇಲೆ ಪೆಟ್ಟು ತಿಂದವರು. ಮನೆಯೊಳಗೆ ಪೆಟ್ಟು ತಿಂದವರನ್ನು ಹೊಡೆದವರು ಬಹುಮಟ್ಟಿಗೆ ಹೆತ್ತವರೇ ಆಗಿದ್ದರು. ಅಮೆರಿಕಾ ದೇಶದ ವೈದ್ಯರಾದ ಫೆಲಿಟಿ, ಆಂಡಾ ಮೊದಲಾದವರು ಒಂಬತ್ತು ಸಾವಿರಕ್ಕೂ ಮಿಕ್ಕ ವಯಸ್ಕರ ಬಾಲ್ಯವೃತ್ತಾಂತವನ್ನು ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟಗಳನ್ನು ಪಟ್ಟವರಿಗೆ ಮುಂದೆ ಕುಡಿತ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಮೊದಲಾದವುಗಳ ಅಪಾಯವು ಇತರರಿಗಿಂತ ನಾಲ್ಕು ಮಡಿಯಿಂದ ಹನ್ನೆರಡು ಮಡಿಯವರೆಗೆ ಹೆಚ್ಚಿತ್ತೆಂದು ಕಂಡುಬಂದಿತು. ಹೃದ್ರೋಗದಂಥ ದೇಹದ ಬೇನೆಗಳು ಕೂಡ ಅಂಥವರಲ್ಲಿ ಹೆಚ್ಚಾಗಿದ್ದವು. ಎಂದಮೇಲೆ ಬಾಸುಂಡೆಯು ಮಾಯ್ದರೂ ಪೆಟ್ಟು ಮಾಯಲಿಲ್ಲವೆಂದಾಯಿತು.

ಇಂಥ ಮಗುವು ಅಜ್ಜಿಯ ಮನೆಗೆ ಬಂದಾಗ ಹೇಗೆ ನಡೆದುಕೊಳ್ಳುವುದು? ಹೊಟ್ಟೆತುಂಬ ಉಂಡ ಬಳಿಕವೂ ರೊಟ್ಟಿಯ ತುಂಡನ್ನು ಹಾಸಿಗೆಯ ಕೆಳಗೆ ಬಚ್ಚಿಡುವುದು. ಬಾಗಿಲು ದಡಕ್ಕೆಂದರೆ ಬೆಚ್ಚುವುದು. ಎಂಟು ವರ್ಷದ ಹುಡುಗನು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವನು. ಕೇಳದಿದ್ದರೂ ಸುಳ್ಳು ಹೇಳುವನು; ತನಗಿಂತ ಚಿಕ್ಕವರನ್ನು ಹೊಡೆಯುವನು. ಕೆಲವು ಮಕ್ಕಳು ಇದಕ್ಕೆ ತೀರ ವಿಪರೀತವಾಗಿ, ಹೇಳಿದ ಕೆಲಸವನ್ನೆಲ್ಲ ಬಾಯಿ ತೆರೆಯದೆ ಮಾಡುವುವು. ನಗುವುದೂ ಇಲ್ಲ, ಅಳುವುದೂ ಇಲ್ಲ. ಮೊದಲನೆಯದನ್ನು ಕಂಡು ಮನೆಯವರು 'ತಂದೆಯ ಗುಣವೇ ಬಂದಿದೆ' ಎನ್ನುವರು. ಎರಡನೆಯದನ್ನು ಕಂಡು 'ಬಂಗಾರದಂಥ ಮಗು' ಎನ್ನುವರು. ಎರಡು ಮಾತುಗಳೂ ಮಗುವನ್ನು ಅರಿಯದೆ ಆಡಿದವು. ರೊಟ್ಟಿಯನ್ನು ಬಚ್ಚಿಡುವುದು ಕಳವಲ್ಲ. ನಾಳೆ ಉಣಲು ದೊರೆಯುವುದೆಂಬ ನಂಬಿಕೆ ಇನ್ನೂ ಹುಟ್ಟಿಲ್ಲವೆಂಬುದರ ಗುರುತು. ಅಂಥ ಮಗುವಿಗೆ ಬುದ್ಧಿ ಹೇಳುವುದಕ್ಕಿಂತ, ಅದರ ಕೈಗೆಟಕುವಲ್ಲಿ ರೊಟ್ಟಿಯ ಬುಟ್ಟಿಯನ್ನಿಡುವುದು ಲೇಸು. ಕೆಲವು ತಿಂಗಳು ಬುಟ್ಟಿ ಬರಿದಾಗದಿದ್ದರೆ ಬಚ್ಚಿಡುವ ಅಭ್ಯಾಸವು ತಾನಾಗಿ ಬಿಟ್ಟುಹೋದೀತು. ಬಿಟ್ಟುಹೋಗದೆ ಬೆಚ್ಚುವಿಕೆ, ನಿದ್ರಾಹಾನಿ ಮುಂದುವರಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸತಕ್ಕದ್ದು, ಅದರಲ್ಲಿ ನಾಚಿಕೆಯಿಲ್ಲ.

ಬಂಧುಗಳ ಮನೆಯು ಇಂಥ ಮಗುವಿಗೆ ಒಳಿತೋ ಕೆಡಕೋ ಎಂಬ ಪ್ರಶ್ನೆಯನ್ನು ವಿದ್ವಾಂಸರು ಶೋಧಿಸಿರುವರು. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ 102 ಅಧ್ಯಯನಗಳನ್ನು, ಅಂದರೆ 6,66,615 ಮಕ್ಕಳ ಸಂಗತಿಯನ್ನು ತೂಗಿನೋಡಿದರು. ಹಿಂಸೆಯ ಕಾರಣದಿಂದ ಮನೆಯಿಂದ ಬಿಡಿಸಿದ ಮಕ್ಕಳಲ್ಲಿ, ಪರಕೀಯರ ಮನೆಯಲ್ಲಿ ಬೆಳೆದವರಿಗಿಂತ ಬಂಧುಗಳ ಮನೆಯಲ್ಲಿ ಬೆಳೆದವರ ನಡತೆಯೂ ಮನಸ್ಸಿನ ಆರೋಗ್ಯವೂ ಮೇಲಾಗಿದ್ದುವು; ಮನೆಯಿಂದ ಮನೆಗೆ ಅಲೆಯುವುದೂ ಕಡಿಮೆಯಿತ್ತು. ಆದರೆ ಮನೋವೈದ್ಯರ ನೆರವು ಬಂಧುಗಳ ಮನೆಯ ಮಕ್ಕಳಿಗೆ ಕಡಿಮೆ ದೊರೆಯುತ್ತಿತ್ತು. ಈ ಅಧ್ಯಯನಗಳು ಬಹುತೇಕ ಅಮೆರಿಕಾ ದೇಶದವು, ಅಧಿಕಾರಿಗಳ ಕಣ್ಣಳತೆಯಲ್ಲಿರುವ ಮನೆಗಳವು ಎಂಬುದನ್ನು ಮರೆಯಬಾರದು. ಆದರೂ ಇದರ ತಾತ್ಪರ್ಯವನ್ನು ನಮ್ಮ ಅನುಭವವೂ ಒಪ್ಪುವುದು. ಅದೇ ಭಾಷೆ, ಅದೇ ಸಾರು, ಪರಿಚಿತ ಮುಖ, ಒಡಹುಟ್ಟಿದವರ ಜತೆ, ಕುಲದೇವರ ಹೆಸರು: ಇವೆಲ್ಲ ಕಿತ್ತು ನೆಟ್ಟ ಸಸಿಯ ಬೇರಿಗೆ ಹತ್ತಿಕೊಂಡು ಬಂದ ಹಳೆಯ ಮಣ್ಣಿನಂತೆ.

ಇನ್ನು ಕೊರತೆಗಳನ್ನು ಮರೆಮಾಚದೆ ಹೇಳಬೇಕಾಗಿದೆ. ನಾನು ನಾಲ್ಕನ್ನು ಮಾತ್ರ ಎತ್ತಿಕೊಳ್ಳುವೆನು.

ಮೊದಲನೆಯದು ಹಂಗು. ಸಾಕುವವರು ಕೆಟ್ಟವರೇನಲ್ಲ, ಆದರೆ ಬೇಸರದ ಗಳಿಗೆಯಲ್ಲಿ 'ನಮ್ಮ ಅನ್ನ ತಿಂದು ನಮಗೇ ಎದುರಾಡುವೆಯಾ' ಎಂಬ ಮಾತು ಬಾಯಿಂದ ಜಾರುವುದು. ಮನೆಯ ಮಕ್ಕಳಿಗೆ ತುಪ್ಪ, ಈ ಮಗುವಿಗೆ ಬರಿಯ ಅನ್ನ. ಅವರಿಗೆ ಪುಸ್ತಕ, ಇದಕ್ಕೆ ದನದ ಕೊಟ್ಟಿಗೆ. ದಾಸೋಹವೆಂದರೇನೆಂದು ನಾವು ಶಾಸ್ತ್ರದಲ್ಲಿ ಓದುತ್ತೇವೆ: ಕೊಡುವವನು ತಾನು ದಾಸನೆಂದು ತಿಳಿದು ಕೊಡುವುದು, ಕೊಟ್ಟೆನೆಂಬ ಅಹಂಕಾರವು ಬಂದರೆ ಅದು ದಾಸೋಹವೆನಿಸದು. ಈ ತತ್ತ್ವವನ್ನು ಜಂಗಮಾರ್ಚನೆಯಲ್ಲಿ ಪಾಲಿಸಿ, ತಂಗಿಯ ಮಗುವಿನ ತಾಟಿನ ಮುಂದೆ ಮರೆತರೆ ಪಾಲಿಸಿದ್ದಾದರೂ ಏನು? ಹಂಗಿಸಿ ಇಕ್ಕಿದ ತುತ್ತು ಮೈಗೆ ಹತ್ತುವುದಿಲ್ಲವೆಂದು ನಮ್ಮ ತಾಯಂದಿರು ಬಲ್ಲರು.

ಎರಡನೆಯದು ಹೆತ್ತವರ ಮಾತು. ಮಗುವಿನೆದುರು ಅದರ ತಂದೆಯನ್ನು ಹಗಲಿರುಳೂ ಹಳಿದರೆ, ತನ್ನ ಮೈಯಲ್ಲಿ ಅವನ ನೆತ್ತರಿದೆಯೆಂದು ಅರಿತ ಮಗುವು ತನ್ನನ್ನೇ ಹಳಿದುಕೊಳ್ಳುವುದು. ಹಾಗೆಂದು ನಡೆದದ್ದನ್ನು ಮುಚ್ಚಿ, 'ನಿಮ್ಮಪ್ಪನು ಪಟ್ಟಣದಲ್ಲಿ ಕೆಲಸಕ್ಕಿದ್ದಾನೆ' ಎಂದು ಸುಳ್ಳು ಕಟ್ಟುವುದೂ ಸಲ್ಲದು. ಹೊಡೆದದ್ದು ತಪ್ಪು, ಆ ತಪ್ಪು ನಿನ್ನದಲ್ಲ ಎಂಬ ಎರಡು ಮಾತನ್ನು ವಯಸ್ಸಿಗೆ ತಕ್ಕಂತೆ ಹೇಳಿದರೆ ಸಾಕು. ಹಬ್ಬ ಬಂದಿತೆಂದು, ಬೀಗರು ಏನೆಂದಾರೆಂದು, ಒಲ್ಲದ ಮಗುವನ್ನು ಹೊಡೆದವನ ಮನೆಗೆ ನಾಲ್ಕು ದಿನದ ಮಟ್ಟಿಗೆಂದು ಕಳುಹಿಸಿಕೊಡುವ ಪದ್ಧತಿಯಂತೂ ಕೂಡದು. ಮಾನವು ದೊಡ್ಡವರದು, ಮೈಯು ಮಗುವಿನದು.

ಮೂರನೆಯದು ಮೌನ. ಕೆಲವು ಮಕ್ಕಳಿಗೆ ಆದ ಹಿಂಸೆಯು ಬಾಯಿಬಿಟ್ಟು ಹೇಳಲಾರದಂಥದು. ಮಾಡಿದವನು ಮನೆಯವನೇ ಆಗಿರುವನು. ಮನೆತನದ ಹೆಸರು ಕೆಡುವುದೆಂದು ಹಿರಿಯರು ಮುಚ್ಚಿಹಾಕುವರು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಇಂಥ ಅಪರಾಧದ ಅರಿವುಳ್ಳ ಯಾರೇ ಆಗಲಿ ಪೋಲೀಸರಿಗೆ ತಿಳಿಸತಕ್ಕದ್ದು ಕಡ್ಡಾಯ. ತಿಳಿಸದಿದ್ದರೆ ಅದೇ ಒಂದು ಅಪರಾಧ. ಇದಕ್ಕೆ ಬಂಧುವೆಂಬ ರಿಯಾಯಿತಿಯಿಲ್ಲ, ಗುರುವೆಂಬ ರಿಯಾಯಿತಿಯಿಲ್ಲ, ಮಠವೆಂಬ ರಿಯಾಯಿತಿಯೂ ಇಲ್ಲ. ಮಗುವು ಹೇಳಿದಾಗ ಮೊದಲು ನಂಬಬೇಕು.

ನಾಲ್ಕನೆಯದು ಹೆಣ್ಣುಮಗುವಿನ ಮದುವೆ. ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗಿಯನ್ನು ಹದಿನಾಲ್ಕು ಹದಿನೈದು ತುಂಬುತ್ತಲೇ ಆ ಮನೆಗೇ ಸೊಸೆಯಾಗಿ ತಂದುಕೊಳ್ಳುವ ಆಲೋಚನೆಯು ನಮ್ಮ ಕಡೆಯಲ್ಲಿ ಇಂದಿಗೂ ಉಂಟು. ಸಾಕಿದವರು ಕೇಳಿದರೆ ಒಲ್ಲೆನೆನ್ನಲು ಆ ಹುಡುಗಿಗೆ ಬಾಯೆಲ್ಲಿಯದು? ಸಾಕಿದ್ದಕ್ಕೆ ಬದಲಾಗಿ ಆಕೆಯ ಬಾಳನ್ನೇ ಕೇಳಿದಂತಾಗುವುದು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು ಹದಿನೆಂಟು ತುಂಬದ ಹೆಣ್ಣಿನ ಮದುವೆಯನ್ನು ದಂಡನೀಯವೆಂದು ಸಾರಿದೆ. ಕರ್ನಾಟಕದಲ್ಲಿ 2016ರ ತಿದ್ದುಪಡಿಯು ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಮಾಡಿದೆ. ಇಂಥ ಲಗ್ನದ ಪತ್ರಿಕೆಯನ್ನು ಹಿಡಿದು ಆಶೀರ್ವಾದ ಬೇಡಲು ಮಠಕ್ಕೆ ಬರುವವರಿಗೆ ಹುಡುಗಿಯ ವಯಸ್ಸನ್ನು ಕೇಳುವ ಧೈರ್ಯವು ನಮಗಿರಬೇಕು.

ಇನ್ನು ಕಾಯಿದೆಯ ಸಹಾಯವನ್ನು ಸಂಕ್ಷೇಪವಾಗಿ ಹೇಳುವೆನು. ಏಕೆಂದರೆ ಬಹುಮಂದಿ ಅಜ್ಜಿಯರು ಇದನ್ನರಿಯದೆ ಬಳಲುತ್ತಿರುವರು. ಮಗುವನ್ನು ಸಾಕಿದ ಮಾತ್ರದಿಂದ ಬಂಧುಗಳು ಕಾಯಿದೆಬದ್ಧ ಪಾಲಕರಾಗುವುದಿಲ್ಲ. ಹೊಡೆದ ತಂದೆಯು ಕುಡಿದು ಬಂದು 'ನನ್ನ ಮಗುವನ್ನು ಕೊಡು' ಎಂದರೆ ಅಜ್ಜಿಯ ಕೈಯಲ್ಲಿ ತೋರಿಸಲು ಕಾಗದವಿಲ್ಲ. ಇದಕ್ಕೆ ಎರಡು ದಾರಿಗಳುಂಟು. 1890ರ ಪಾಲಕರು ಮತ್ತು ಪಾಲಿತರ ಕಾಯಿದೆಯಂತೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಅಲ್ಲಿ ನ್ಯಾಯಾಧೀಶರು ಮಗುವಿನ ಹಿತವನ್ನೇ ನೋಡುವರು. ಅಥವಾ 2015ರ ಬಾಲನ್ಯಾಯ ಕಾಯಿದೆಯಂತೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸಬಹುದು. ಸಮಿತಿಯು ವಿಚಾರಿಸಿ, ಬಂಧುವನ್ನು ಯೋಗ್ಯ ವ್ಯಕ್ತಿಯೆಂದು ಮನಗಂಡರೆ ಮಗುವನ್ನು ಅವರಲ್ಲಿಯೇ ಇರಿಸಲು ಆದೇಶ ಮಾಡಬಹುದು. ಬಡ ಮನೆಯಾದರೆ ಪ್ರಾಯೋಜಕತ್ವದ ಸಹಾಯವೂ ಉಂಟು. ಕೇಂದ್ರದ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ, ನಿಬಂಧನೆಗಳಿಗೊಳಪಟ್ಟ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಶಾಲೆಗೆ ಸೇರಿಸುವಾಗ ವಯಸ್ಸಿನ ದಾಖಲೆಯಿಲ್ಲವೆಂದಾಗಲಿ, ಹಿಂದಿನ ಶಾಲೆಯ ವರ್ಗಾವಣೆ ಪತ್ರವು ತಡವಾಯಿತೆಂದಾಗಲಿ ಮಗುವನ್ನು ಹಿಂದಕ್ಕೆ ಕಳುಹಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಹೇಳುವುದು. ಮಗುವು ಆಪತ್ತಿನಲ್ಲಿರುವಾಗ ಯಾರಾದರೂ, ಮಗುವೇ ಆದರೂ, 1098 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಅದಕ್ಕೆ ಹಣ ತಗಲುವುದಿಲ್ಲ.

ಅದೇ ಬಾಲನ್ಯಾಯ ಕಾಯಿದೆಯು, ಮಗುವು ಯಾರ ಹತ್ತಿರ ಇರುವುದೋ ಅವರು ಹೊಡೆದು ಹಿಂಸಿಸಿದರೂ ದಂಡನೆಯನ್ನು ವಿಧಿಸುವುದು. ಅವರು ಹೆತ್ತವರೇ ಆಗಿರಬೇಕೆಂದಿಲ್ಲ. ಒಂದು ಮನೆಯಲ್ಲಿ ಪೆಟ್ಟು ತಿಂದು ಬಂದ ಮಗುವಿಗೆ ಎರಡನೆಯ ಮನೆಯ ಪೆಟ್ಟು ಹತ್ತುಪಟ್ಟು ಭಾರ. ಮೊದಲನೆಯ ಪೆಟ್ಟು ಬಿದ್ದಾಗ ಅಜ್ಜಿಯ ಮನೆಯುಂಟೆಂಬ ಆಸೆ ಅದಕ್ಕಿತ್ತು. ಎರಡನೆಯದು ಬಿದ್ದಾಗ ಹೋಗಲು ಎಡೆಯಿಲ್ಲ.

ಇಷ್ಟೆಲ್ಲ ಕರ್ತವ್ಯಗಳನ್ನು ಸಾಕುವವರ ಮೇಲೆ ಹೊರಿಸಿ ನಾವು ಕೈತೊಳೆದುಕೊಂಡರೆ ಅನ್ಯಾಯವಾದೀತು. ಅರುವತ್ತೈದು ವರ್ಷದ ಮುದುಕಿ ಕೂಲಿಗೆ ಹೋಗಿ ಬಂದು ಮೂವರು ಮೊಮ್ಮಕ್ಕಳಿಗೆ ಬೇಯಿಸಿ ಹಾಕುವಳು. ಆಕೆಗೆ ಮಂಡಿನೋವು, ಕಣ್ಣಿನ ಪೊರೆ. ಮೊಮ್ಮಕ್ಕಳ ಮೈಮೇಲಿನ ಬರೆಯನ್ನು ನೋಡುವಾಗ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಇದನ್ನು ಮಾಡಿದನೆಂಬ ಸಂಕಟವೂ ಆಕೆಗುಂಟು. ಆಕೆಯು ಬೇಸತ್ತು ಒಂದು ಮಾತು ಗಟ್ಟಿಯಾಗಿ ಆಡಿದರೆ ಹಳಿಯುವುದಕ್ಕೆ ಮುಂಚೆ, ಆಕೆಯ ಹೊರೆಯಲ್ಲಿ ನಾವು ಎಷ್ಟು ಹೊತ್ತೆವೆಂದು ಕೇಳಿಕೊಳ್ಳೋಣ.

ಇಲ್ಲಿ ಮಠಗಳ ಪ್ರಸ್ತಾಪ ಬರುವುದು. ಅನ್ನದಾಸೋಹ, ಅಕ್ಷರದಾಸೋಹಗಳು ನಮ್ಮ ಮಠಗಳ ಕೀರ್ತಿ. ತುಮಕೂರಿನ ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳವರು (1907–2019) ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ನೀಡಿದ್ದನ್ನು ನಾಡೇ ಬಲ್ಲುದು. ಇಂಥ ವಿದ್ಯಾರ್ಥಿನಿಲಯಗಳು ಬೇಕು. ಆದರೆ ಆರು ವರ್ಷದ ಮಗುವನ್ನು, ಅಜ್ಜಿಗೆ ಅಕ್ಕಿಯಿಲ್ಲವೆಂಬ ಒಂದೇ ಕಾರಣಕ್ಕೆ, ಆಕೆಯ ಮಡಿಲಿನಿಂದ ಬಿಡಿಸಿ ನಿಲಯಕ್ಕೆ ಸೇರಿಸುವುದು ಉಚಿತವೆ? ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯವಾಗಬೇಕೆಂದೇ ಹೇಳುವುದು. ಅಕ್ಕಿಯ ಕೊರತೆಗೆ ಅಕ್ಕಿಯೇ ಮದ್ದು. ಮಗುವು ದಾಸೋಹವನ್ನು ಅರಸಿಕೊಂಡು ಅಜ್ಜಿಯನ್ನು ಬಿಟ್ಟುಬರುವ ಬದಲು, ದಾಸೋಹವೇ ಅಜ್ಜಿಯ ಒಲೆಯ ಬಳಿಗೆ ನಡೆದುಹೋಗಲಿ. ಅಜ್ಜಿಯೂ ಇಲ್ಲದವರಿಗೆ, ಮನೆಯೇ ಭಯವಾದವರಿಗೆ ನಿಲಯದ ಬಾಗಿಲು ತೆರೆದಿರಲಿ.

ಈ ಮಹೋತ್ಸವದ ನೆನಪಿಗಾಗಿ ಸದ್ಭಕ್ತರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಪ್ರತಿಯೊಂದು ಊರಿನ ಭಕ್ತಮಂಡಲಿಯವರು ತಮ್ಮ ಊರಿನಲ್ಲಿ ಹೆತ್ತವರ ಹೊರತು ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು ಯಾರಾರೆಂದು ಅರಿತಿರಬೇಕು. ಅರಿಯುವುದು ಪಟ್ಟಿ ಮಾಡಿ ಓದುವುದಕ್ಕಲ್ಲ. ಮಗುವಿನ ಗುಟ್ಟು ಮಗುವಿನದಾಗಿಯೇ ಉಳಿಯಬೇಕು. ಕೊಯ್ಲಿನ ಕಾಲದಲ್ಲಿ ಮಠಕ್ಕೆ ಕಾಳು ತರುವವರು ಒಂದು ಪಾಲನ್ನು ಅಂಥ ಮನೆಗೆ, ಎಡಗೈಗೆ ತಿಳಿಯದಂತೆ, ಮುಟ್ಟಿಸಲಿ. ಬರೆಯಬಲ್ಲವರು ಅಜ್ಜಿಯ ಜತೆಯಲ್ಲಿ ಜಿಲ್ಲೆಯ ಕಛೇರಿಗೆ ಹೋಗಿ ಅರ್ಜಿಯನ್ನು ಬರೆದುಕೊಡಲಿ. ತಾಯಂದಿರು ತಿಂಗಳಿಗೆರಡು ದಿನ ಆ ಮಕ್ಕಳನ್ನು ತಮ್ಮ ಮನೆಗೆ ಕರೆದು, ಸಾಕುವ ಮುದುಕಿಗೆ ವಿಶ್ರಾಂತಿಯನ್ನು ಕೊಡಲಿ. ಉಪಾಧ್ಯಾಯರು ಬೆಚ್ಚುವ ಮಗುವನ್ನು ಗುರುತಿಸಲಿ. ಮತ್ತು ಎಲ್ಲರೂ ವಿದುರನ ಕಣ್ಣನ್ನು ತೆರೆದಿಟ್ಟಿರಲಿ.

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡುವವರು ನಾವು. ಯಾವ ಅಂಗೈಯು ಬೆಳಗ್ಗೆ ಲಿಂಗಕ್ಕೆ ಪೀಠವಾಗುವುದೋ, ಅದೇ ಅಂಗೈಯು ಸಂಜೆ ಮಗುವಿನ ಮೇಲೆ ಏಳದಿರಲಿ. ಎದ್ದರೆ ತಲೆ ನೇವರಿಸಲು ಏಳಲಿ.